ಚಿತ್ರದೊಳಗಿನ ನಾಡು, ಚೌಕಟ್ಟಿನ ಹೊರಗಿನ ಜನ

ಕಣಿವೆಗಳಿಗೆ ಒಂದರ ಮೇಲೊಂದು ಯೋಜನೆಗಳು ಬಂದೆರಗುತ್ತಿರುವ ಕಾಲದಲ್ಲಿ ಪರಿಸರ ಚಳವಳಿಯ ಪತ್ರಿಕೆಯೊಂದು ನಿಸರ್ಗಚಿತ್ರಕಲೆಯ ವಿಚಾರವನ್ನು ಎತ್ತಿಕೊಳ್ಳುವುದೇಕೆ ಎಂಬ ಪ್ರಶ್ನೆ ಮಲೆನಾಡಿನ ಓದುಗರಲ್ಲಿ ಮೂಡುವುದು ಸಹಜ. ಇದಕ್ಕೆ ಉತ್ತರ ಸರಳವಾಗಿದೆ. ಯಾವ ಬೆಟ್ಟಕ್ಕೂ ಯಂತ್ರ ಬರುವ ಮೊದಲು ನಕ್ಷೆ ಬಂದಿರುತ್ತದೆ. ನಕ್ಷೆ ಬರುವ ಮೊದಲು ಚಿತ್ರ ಬಂದಿರುತ್ತದೆ. ಆ ಚಿತ್ರದಲ್ಲಿ ಏನನ್ನು ಕಾಣಿಸಲಾಯಿತು, ಯಾರನ್ನು ಬಿಡಲಾಯಿತು ಎಂಬುದು ಮುಂದೆ ಆ ನೆಲದ ಮೇಲೆ ಯಾರ ಮಾತು ನಡೆಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. 'ಇಲ್ಲಿ ಯಾರೂ ಇಲ್ಲ, ಕಾಡು ಮಾತ್ರ ಇದೆ' ಎಂದು ಕಡತವೊಂದು ಹೇಳುವಾಗ, ಅದಕ್ಕೂ ಮೊದಲೇ ನೂರಾರು ಚಿತ್ರಗಳು, ಕ್ಯಾಲೆಂಡರುಗಳು, ಪ್ರವಾಸಿ ಭಿತ್ತಿಪತ್ರಗಳು ಅದೇ ಮಾತನ್ನು ಮೌನವಾಗಿ ಹೇಳಿ ನೋಡುವ ಕಣ್ಣುಗಳನ್ನು ಸಿದ್ಧಗೊಳಿಸಿರುತ್ತವೆ.

ಈ ಮಾತನ್ನು ಪರೀಕ್ಷಿಸಲು ಮಲೆನಾಡಿಗಿಂತ ಮೊದಲು ರಾಜಧಾನಿಯ ಪೂರ್ವಭಾಗವನ್ನು ನೋಡುವುದು ಒಳಿತು. ಬೆಂಗಳೂರಿನ ದಂಡು ಪ್ರದೇಶ, ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಇವು ಇಂದು ಮೆಟ್ರೊ ರೈಲಿನ ಮತ್ತು ಬಸ್ಸುಗಳ ನಿಲ್ದಾಣಗಳ ಹೆಸರುಗಳಾಗಿ ಬೆಟ್ಟದೂರಿನ ವಿದ್ಯಾರ್ಥಿಗಳಿಗೂ ಪರಿಚಿತ. ಆದರೆ ಕರ್ನಾಟಕದ ನೆಲ ಚಿತ್ರವಾದ ಕಥೆ, ಚಿತ್ರ ನಕ್ಷೆಯಾದ ಕಥೆ, ನಕ್ಷೆ ಆಡಳಿತವಾದ ಕಥೆ ಮೂರೂ ಈ ಪ್ರದೇಶದಲ್ಲೇ ಒಂದನ್ನೊಂದು ಹಿಂಬಾಲಿಸಿಕೊಂಡು ನಡೆದಿವೆ.

1791ರ ಮಾರ್ಚ್ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪು ಸುಲ್ತಾನನ ಬೆಂಗಳೂರಿನ ಮೇಲೆ ಎರಗಿತು. ಆ ದಂಡಿನೊಡನೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಅವನು ಬರೆದ ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣಗಳ ದೃಶ್ಯಗಳು 1794ರಲ್ಲಿ ಪುಸ್ತಕವಾಗಿ ಹೊರಬಂದವು. ಸೈನ್ಯದಲ್ಲಿದ್ದ ಕೋಲ್‌ಬ್ರೂಕ್, ಅಲೆಗ್ಸಾಂಡರ್ ಅಲನ್, ಜೇಮ್ಸ್ ಹಂಟರ್ ಮೊದಲಾದವರು ರಚಿಸಿದ ಮೈಸೂರು ಸೀಮೆಯ ಚಿತ್ರಗಳೂ ಮುಂದಿನ ಹದಿನೈದು ವರ್ಷಗಳೊಳಗೆ ಪ್ರಕಟಗೊಂಡು ಇಂಗ್ಲೆಂಡಿನ ಮನೆಗಳ ಮೇಜಿನ ಮೇಲೆ ಸೇರಿದವು. ಕರ್ನಾಟಕದ ಬಂಡೆ, ಬೆಟ್ಟ, ಕೋಟೆ, ಕೆರೆಗಳು ಹೊರಜಗತ್ತಿಗೆ 'ದೃಶ್ಯ'ವಾಗಿ ಪರಿಚಯವಾದದ್ದು ಹೀಗೆ. ಇವರು ಕೇವಲ ಸೌಂದರ್ಯವನ್ನು ಅರಸಿ ಬಂದವರಲ್ಲ. ಕೋಲ್‌ಬ್ರೂಕ್ ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದವನು. ಹಂಟರ್ ಫಿರಂಗಿ ದಳದ ಅಧಿಕಾರಿ. ಬೆಟ್ಟದ ಯಾವ ಮಗ್ಗುಲು ಕಡಿದಾಗಿದೆ, ಯಾವ ದಿಕ್ಕಿನಿಂದ ಕೋಟೆಯನ್ನು ಏರಬಹುದು ಎಂಬುದನ್ನು ನೋಡುವ ಕಣ್ಣೂ, ಸಂಜೆಯ ಬೆಳಕಿನಲ್ಲಿ ಅದೇ ಬೆಟ್ಟ ಎಷ್ಟು ರಮ್ಯವಾಗಿದೆ ಎಂದು ನೋಡುವ ಕಣ್ಣೂ ಒಂದೇ ಆಗಿತ್ತು. ಸಾವನದುರ್ಗ 1791ರ ಡಿಸೆಂಬರಿನಲ್ಲಿ ಅವರ ವಶವಾಯಿತು. ಚಿತ್ರವೂ ಉಳಿಯಿತು.

ಈ ಚಿತ್ರಗಳಲ್ಲಿ ಸ್ಥಳೀಯರು ಇಲ್ಲವೆಂದಲ್ಲ. ಒಂದು ಮರದ ಕೆಳಗೆ ಇಬ್ಬರು, ದಾರಿಯಲ್ಲಿ ಒಂದು ಎತ್ತಿನ ಜೊತೆ ಒಬ್ಬ, ಹೀಗೆ ಅವರು ಇರುತ್ತಾರೆ. ಆದರೆ ಬೆಟ್ಟ ಎಷ್ಟು ದೊಡ್ಡದು ಎಂದು ನೋಡುಗನಿಗೆ ತಿಳಿಯಲಿ ಎಂಬುದಕ್ಕಾಗಿ ಅವರನ್ನು ಇರಿಸಲಾಗಿರುತ್ತದೆ. ಅವರಿಗೆ ಹೆಸರಿಲ್ಲ, ಕಸುಬಿಲ್ಲ, ಆ ನೆಲದೊಡನೆ ಸಂಬಂಧವೂ ಇಲ್ಲ. ಅಳತೆಗೋಲಾಗಿ ನಿಂತ ಮನುಷ್ಯನಿಗೆ ಆ ನೆಲದ ಅಳತೆಯಲ್ಲಿ ಪಾಲಿಲ್ಲ ಎಂಬ ಪದ್ಧತಿ ಆಗಲೇ ಆರಂಭವಾಯಿತು.

ಅಳತೆ ಬಹು ಬೇಗನೆ ಬಂತು. ಟಿಪ್ಪುವಿನ ಪತನದ ಮರುವರ್ಷವೇ, 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಕೃಷ್ಣರಾಜಪುರ ಮತ್ತು ಅಗರದ ನಡುವಣ ಬಯಲಿನಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಸರಪಳಿ ಹಿಡಿದು ಅಳೆದ. ಮುಂದೆ ಹಿಮಾಲಯದವರೆಗೆ ಹಬ್ಬಿದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯ ಹಿಂದೆ ಈ ಬಯಲಿನ ಅಳತೆಯ ಅನುಭವವಿದೆ. ಇಂದು ಸರ್ವೆ ನಂಬರಿಲ್ಲದೆ ಮಲೆನಾಡಿನ ರೈತನ ಹಕ್ಕೇ ಇಲ್ಲ. ಗುಡ್ಡದ ತುದಿಯಿಂದ ಗುಡ್ಡದ ತುದಿಗೆ ನೋಟ ಹಾಯಿಸಿ ನಡುವಿನ ಎಲ್ಲವನ್ನೂ ರೇಖೆಯೊಳಗೆ ತರುವ ಆ ಕ್ರಮದ ಒಂದು ಆರಂಭ, ಇಂದು ಮೆಟ್ರೊ ಹಾದುಹೋಗುವ ಕೃಷ್ಣರಾಜಪುರದ ಬಳಿ ಆಯಿತೆಂಬುದು ಬೆಟ್ಟದ ಜನರಿಗೆ ನೆನಪಿರಬೇಕಾದ ಸಂಗತಿ.

1809ರಲ್ಲಿ ಹಲಸೂರಿನ ಪಕ್ಕದ ನೆಲದಲ್ಲಿ ದಂಡುಪ್ರದೇಶ ನೆಲೆಗೊಂಡಿತು. ಶ್ರೀರಂಗಪಟ್ಟಣದ ಹವೆ ಸೈನಿಕರಿಗೆ ಒಗ್ಗದ ಕಾರಣ ಪಡೆಗಳನ್ನು ಇಲ್ಲಿಗೆ ತರಲಾಯಿತು. 1881ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿಸಿದಾಗಲೂ ಈ ಭಾಗವನ್ನು ಬ್ರಿಟಿಷರು ತಮ್ಮಲ್ಲೇ ಉಳಿಸಿಕೊಂಡರು. 1947ರಲ್ಲಿ ಅದು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ಪಾಲಿಕೆಯಾದವು. ಈ ಸುಮಾರು ನೂರನಲವತ್ತು ವರ್ಷಗಳಲ್ಲಿ ಇಲ್ಲಿ ನಡೆದದ್ದು ಕಾಗದದ ಮೇಲಿನ ಚಿತ್ರಣವಲ್ಲ, ನೆಲದ ಮೇಲಿನ ಚಿತ್ರಣ. ಅಗಲ ರಸ್ತೆ, ಎರಡೂ ಬದಿ ಸಾಲುಮರ, ನಡುವೆ ಕವಾಯತು ಮೈದಾನ, ದೂರದಲ್ಲಿ ಚರ್ಚಿನ ಗೋಪುರ. 1870ರಲ್ಲಿ ಸ್ಯಾಂಕಿಯ ಯೋಜನೆಯಂತೆ ಕಬ್ಬನ್ ಉದ್ಯಾನ ರೂಪುಗೊಂಡಿತು. 1908ರ ನಂತರ ಲಾಲ್‌ಬಾಗಿನ ಹೊಣೆ ಹೊತ್ತ ಕ್ರುಂಬಿಗೆಲ್ ಅವರು ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ಮರಗಳನ್ನು ಯೋಜಿಸಿದರೆಂಬುದು ಪ್ರಸಿದ್ಧ. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂದ ದಕ್ಷಿಣ ಅಮೆರಿಕದ್ದು, ಟಬೆಬುಯ, ಮಳೆಮರಗಳೂ ಅಮೆರಿಕ ಖಂಡದವು. 'ಉದ್ಯಾನ ನಗರಿ'ಯೆಂಬ ಕನ್ನಡಿಗರ ಹೆಮ್ಮೆಯ ಬಣ್ಣಗಳಲ್ಲಿ ಬಹುಪಾಲು ಕಡಲಾಚೆಯಿಂದ ಬಂದವು.

ಇದನ್ನು ದೂಷಣೆಯಾಗಿ ಹೇಳಬೇಕಾಗಿಲ್ಲ. ಮೆಣಸಿನಕಾಯಿ, ಗೋಡಂಬಿ, ಅನಾನಸುಗಳೂ ಹಾಗೆಯೇ ಬಂದು ಮಲೆನಾಡಿನವಾಗಿವೆ. ಗಮನಿಸಬೇಕಾದ್ದು ಬೇರೆ. ಹಲಸಿನ ಹೆಸರನ್ನು ಹೊತ್ತ ಹಲಸೂರು ಇಂಗ್ಲಿಷಿನಲ್ಲಿ 'ಅಲ್ಸೂರು' ಆದಾಗ ಹೆಸರಿನಿಂದ ಹಣ್ಣು ಕಳಚಿಬಿತ್ತು. ಹಣ್ಣಿಗಾಗಿ, ನೆರಳಿಗಾಗಿ, ಮೇವಿಗಾಗಿ, ಸೊಪ್ಪಿಗಾಗಿ ಇದ್ದ ಮರದ ಬದಲು ನೋಟಕ್ಕಾಗಿ ಇರುವ ಮರ ನಗರದ ಆದರ್ಶವಾಯಿತು. ಬಳಕೆಯ ನೆಲ ನೋಟದ ನೆಲವಾದ ಈ ಪಲ್ಲಟವೇ ನಿಸರ್ಗಚಿತ್ರದ ಚರಿತ್ರೆಯ ಮುಖ್ಯ ಘಟನೆ. ದಂಡಿಗೆ ನೀರು, ತರಕಾರಿ, ಮಾಂಸ, ಬಟ್ಟೆ, ಕೂಲಿ ಒದಗಿಸಿದ ಜನ ಇಂದಿನ ಶಿವಾಜಿನಗರದ ಇಕ್ಕಟ್ಟಿನ ಓಣಿಗಳಲ್ಲಿ ನೆಲೆಸಿದರು. ತಮಿಳು, ಉರ್ದು, ತೆಲುಗು, ಕನ್ನಡಗಳು ಬೆರೆತ ಆ ಓಣಿಗಳು 'ಸುಂದರ ದೃಶ್ಯ'ಗಳ ಪಟ್ಟಿಗೆ ಸೇರಲಿಲ್ಲ. ಸುಂದರ ದೃಶ್ಯವನ್ನು ದಿನವೂ ಗುಡಿಸಿ ನೀರುಣಿಸುತ್ತಿದ್ದವರ ಮನೆಗಳು ಅವು.

ಇಂತಹ ಹಿನ್ನೆಲೆಯಲ್ಲಿ ಭಾರತದ ಕಲೆ ತನ್ನ ರಾಷ್ಟ್ರೀಯ ಮುಖವನ್ನು ಹುಡುಕತೊಡಗಿತು. ಅವನೀಂದ್ರನಾಥ ಠಾಕೂರರು 1905ರ ಸ್ವದೇಶಿ ಚಳವಳಿಯ ದಿನಗಳಲ್ಲಿ ಭಾರತಮಾತೆಯ ಚಿತ್ರವನ್ನು ಬರೆದರು. ರಾಷ್ಟ್ರವೆಂಬುದು ಅಲ್ಲಿ ನೆಲವಾಗಿ ಅಲ್ಲ, ದೇವಿಯಾಗಿ ಮೂಡಿತು. ಪುರಾಣ, ಇತಿಹಾಸ, ಅಜಂತೆಯ ರೇಖೆ ಇವು ರಾಷ್ಟ್ರೀಯವೆನಿಸಿದವು. ಎದುರಿಗಿರುವ ಮರ, ಹಳ್ಳ, ಗುಡ್ಡವನ್ನು ಬಣ್ಣದಲ್ಲಿ ಹಿಡಿಯುವುದು ವಿದೇಶಿ ಕಲಾಶಾಲೆಯ ಪಾಠವೆನಿಸಿ ಹಿಂದೆ ಸರಿಯಿತು.

ಮೈಸೂರಿನ ಕೆ. ವೆಂಕಟಪ್ಪನವರ ಬದುಕಿನಲ್ಲಿ ಈ ಇಕ್ಕಟ್ಟನ್ನು ಸ್ಪಷ್ಟವಾಗಿ ಕಾಣಬಹುದು. ಆಸ್ಥಾನ ಕಲಾವಿದರ ಮನೆತನದಲ್ಲಿ ಹುಟ್ಟಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋಗಿ ಅವನೀಂದ್ರನಾಥರ ಶಿಷ್ಯರಾದರು. ನಂದಲಾಲ್ ಬೋಸರು ಅವರ ಸಹಪಾಠಿ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಪ್ರಕಟವಾದಾಗ ಅದರ ಚಿತ್ರಕಾರರಲ್ಲಿ ವೆಂಕಟಪ್ಪನವರೂ ಇದ್ದರು. ಮೈಸೂರಿಗೆ ಮರಳಿದ ಮೇಲೆ ಅವರು ಊಟಿ ಮತ್ತು ಕೊಡೈಕೆನಾಲಿನ ಬೆಟ್ಟಗಳ ಮುಂದೆ ಕುಳಿತು ಜಲವರ್ಣದಲ್ಲಿ ಮಂಜು, ಮುಂಜಾವು, ಮಳೆಯ ಮುನ್ನಿನ ಕತ್ತಲೆ, ಕೆರೆಯ ಮೇಲಿನ ಬೆಳಕುಗಳನ್ನು ಹಿಡಿದರು. ಬೆಟ್ಟದಲ್ಲಿ ಬಾಳಿದವರಿಗೆ ಆ ಚಿತ್ರಗಳ ಸತ್ಯ ತಕ್ಷಣ ತಿಳಿಯುತ್ತದೆ: ಮಂಜು ಎಂಬುದು ಬಿಳಿಯ ಬಣ್ಣವಲ್ಲ, ದೂರವನ್ನು ಅಳಿಸುವ ಒಂದು ಚಲನೆ ಎಂಬುದನ್ನು ಅವರು ಕಂಡಿದ್ದರು.

ಆದರೆ ಕಲಾಚರಿತ್ರೆ ಅವರನ್ನು ಎಲ್ಲಿ ಇರಿಸಿತು? ರಾಮಾಯಣವನ್ನು ಬರೆದ ವೆಂಕಟಪ್ಪ ರಾಷ್ಟ್ರೀಯ ಕಲೆಯ ಅಧ್ಯಾಯದಲ್ಲಿ ಠಾಕೂರರ ಶಿಷ್ಯರ ಪಟ್ಟಿಯೊಳಗೆ ಒಂದು ಹೆಸರಾದರು. ಬೆಟ್ಟವನ್ನು ಬರೆದ ವೆಂಕಟಪ್ಪ 'ಪ್ರಾದೇಶಿಕ' ಕಲಾವಿದರಾಗಿ ಉಳಿದರು. ರಾಷ್ಟ್ರವೆಂಬುದು ಕಲ್ಕತ್ತೆ, ಶಾಂತಿನಿಕೇತನ, ಮುಂಬಯಿ, ಬರೋಡಗಳ ಹಾದಿಯಲ್ಲಿ ಸಾಗಿ ಬರುವ ಕಥೆಯೆಂದು ಬರೆದುಕೊಂಡ ಮೇಲೆ ನೀಲಗಿರಿಯ ಮಂಜಿಗೆ ಅಲ್ಲಿ ಅಡಿಟಿಪ್ಪಣಿಯ ಜಾಗ ಮಾತ್ರ ಸಿಕ್ಕಿತು. ಅವರ ನಿಧನದ (1965) ನಂತರ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಅವರ ಹೆಸರಿನ ಚಿತ್ರಶಾಲೆ ತಲೆಯೆತ್ತಿತು. 2009ರ ಫೆಬ್ರವರಿಯಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಬೆಂಗಳೂರು ಶಾಖೆ ಆರಂಭವಾಯಿತು. ಒಂದರ ಫಲಕದಲ್ಲಿ ವ್ಯಕ್ತಿಯ ಹೆಸರು, ಇನ್ನೊಂದರ ಫಲಕದಲ್ಲಿ ರಾಷ್ಟ್ರದ ಹೆಸರು. ಎರಡನ್ನೂ ಒಂದೇ ದಿನ ನೋಡುವ ವಿದ್ಯಾರ್ಥಿಗೆ 'ಪ್ರಾದೇಶಿಕ' ಮತ್ತು 'ರಾಷ್ಟ್ರೀಯ' ಎಂಬ ಮಾತುಗಳನ್ನು ಯಾರು, ಯಾವ ಆಧಾರದ ಮೇಲೆ ಹಂಚುತ್ತಾರೆ ಎಂಬ ಪ್ರಶ್ನೆ ಮೂಡಬೇಕು.

ಅದೇ ಸಮಯದಲ್ಲಿ ವೆಂಕಟಪ್ಪನವರ ಚಿತ್ರಗಳ ಮುಂದೆಯೂ ಒಂದು ಪ್ರಶ್ನೆಯನ್ನು ಇಡದೆ ಇರಲಾಗದು. ಊಟಿಯ ಬೆಟ್ಟಗಳು ತೊದವರ ಎಮ್ಮೆಗಳ ಹುಲ್ಲುಗಾವಲುಗಳಾಗಿದ್ದವು. ಹುಲ್ಲು ಮತ್ತು ಶೋಲ ಕಾಡು ಸೇರಿ ನೀರನ್ನು ಹಿಡಿದಿಡುತ್ತಿದ್ದವು. ಊಟಿಯ ಕೆರೆ 1820ರ ದಶಕದಲ್ಲಿ ಕಲೆಕ್ಟರ್ ಸಲ್ಲಿವನ್ ಕಟ್ಟಿಸಿದ್ದು. ಹುಲ್ಲುಗಾವಲುಗಳನ್ನು 'ಪಾಳು' ಎಂದು ಕರೆದು ಅಲ್ಲಿ ನೀಲಗಿರಿ, ಅಕೇಶಿಯ ಮರಗಳನ್ನು ಬೆಳೆಸಲಾಯಿತು. ಕಲಾವಿದನ ಕಣ್ಣು ಬೆಳಕನ್ನು ನಿಷ್ಠೆಯಿಂದ ನೋಡಿತು. ಆ ಬೆಳಕಿನಡಿಯಲ್ಲಿ ನೆಲ ಕೈಬದಲಾಗಿದ್ದ ಕಥೆ ಚಿತ್ರದೊಳಗೆ ಬರಲಿಲ್ಲ. ಇದು ಅವರೊಬ್ಬರ ಕೊರತೆಯಲ್ಲ, ನಿಸರ್ಗಚಿತ್ರವೆಂಬ ಪ್ರಕಾರದ ಅಭ್ಯಾಸ.

ಹೊರಜಗತ್ತಿನ ಉದಾಹರಣೆಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಥಾಮಸ್ ಮೋರಾನ್ 1871ರಲ್ಲಿ ಸರ್ಕಾರಿ ಸರ್ವೆ ತಂಡದೊಡನೆ ಯೆಲ್ಲೊಸ್ಟೋನಿಗೆ ಹೋಗಿ ಬರೆದ ಚಿತ್ರಗಳು ಅಲ್ಲಿನ ಶಾಸಕರ ಮನಸ್ಸನ್ನು ತಿರುಗಿಸಲು ನೆರವಾದವು. 1872ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ಮೋರಾನರ ದೊಡ್ಡ ಚಿತ್ರವೊಂದನ್ನು ಆ ದೇಶದ ಸಂಸತ್ತು ಹತ್ತು ಸಾವಿರ ಡಾಲರಿಗೆ ಕೊಂಡಿತು. ಚಿತ್ರವೊಂದು ಕಾಡನ್ನು ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಆ ನೆಲದಲ್ಲಿ ಬೇಟೆಯಾಡಿ ಬದುಕುತ್ತಿದ್ದ ಮೂಲನಿವಾಸಿ ಬುಡಕಟ್ಟುಗಳನ್ನು ನಂತರದ ವರ್ಷಗಳಲ್ಲಿ ಹೊರಗಟ್ಟಲಾಯಿತು. ಕೆನಡಾದಲ್ಲಿ 1920ರಲ್ಲಿ ಮೊದಲ ಪ್ರದರ್ಶನ ನಡೆಸಿದ 'ಏಳು ಮಂದಿಯ ಬಳಗ'ದ ಚಿತ್ರಕಾರರು ಉತ್ತರದ ಕಾಡು, ಸರೋವರ, ಬಂಡೆಗಳನ್ನೇ ತಮ್ಮ ರಾಷ್ಟ್ರದ ಮುಖವಾಗಿಸಿದರು. ಜನವಿಲ್ಲದ ಕಾಡೆಂದು ಅವರು ಬರೆದ ನೆಲದಲ್ಲಿ ಜನರಿದ್ದರು. ಮುಟ್ಟದ ಕಾಡೆಂದು ತೋರಿದ ಕಡೆ ಮರ ಕಡಿಯುವ ಉದ್ಯಮ ಆಗಲೇ ನಡೆದುಹೋಗಿತ್ತು. ರಾಷ್ಟ್ರ ತನ್ನನ್ನು ಕಾಡಿನ ಚಿತ್ರದಲ್ಲಿ ಕಂಡುಕೊಳ್ಳುವಾಗ ಕಾಡಿನವರನ್ನು ಚಿತ್ರದಿಂದ ಹೊರಗಿಡುವ ಈ ರೀತಿ ನಾಗರಹೊಳೆಯ ಜೇನುಕುರುಬರಿಗೂ ಕುದುರೆಮುಖದ ಮಲೆಕುಡಿಯರಿಗೂ ವಿವರಿಸಿ ಹೇಳಬೇಕಾದದ್ದಲ್ಲ.

ಬೆಂಗಳೂರಿನ ಇನ್ನೊಬ್ಬ ನಿಸರ್ಗಚಿತ್ರಕಾರ ರುಮಾಲೆ ಚನ್ನಬಸವಯ್ಯನವರ ಬದುಕು ಬೇರೆಯದೇ ದಾರಿಯನ್ನು ತೋರುತ್ತದೆ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಅವರು ಚಿತ್ರಕಲೆಯನ್ನು ಕಲಿತರೂ ಸ್ವಾತಂತ್ರ್ಯ ಚಳವಳಿಗೆ ಧುಮುಕಿ, ಸೇವಾದಳದಲ್ಲಿ ದುಡಿದು, ಸೆರೆವಾಸ ಅನುಭವಿಸಿದರು. 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿ, ವಿಧಾನ ಪರಿಷತ್ತಿನ ಸದಸ್ಯರಾಗಿ ಕೆಲಸ ಮಾಡಿದರು. 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದು, 1988ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರಿನ ಹೂಬಿಟ್ಟ ಮರಗಳನ್ನು, ಉದ್ಯಾನಗಳನ್ನು, ನೀರನ್ನು ಮರದ ಮುಂದೆಯೇ ನಿಂತು ಬರೆದರು. ರಾಷ್ಟ್ರಕ್ಕಾಗಿ ಯೌವನವನ್ನು ಕೊಟ್ಟವರು ಕಡೆಯ ಕಾಲು ಶತಮಾನವನ್ನು ಒಂದು ಊರಿನ ಮರಗಳಿಗೆ ಕೊಟ್ಟರು. ಅವರಿಗೆ ಇವೆರಡೂ ಬೇರೆ ಕೆಲಸಗಳಾಗಿ ಕಾಣಲಿಲ್ಲವೆಂದು ಆ ಚಿತ್ರಗಳ ಮುಂದೆ ನಿಂತವರಿಗೆ ಅನ್ನಿಸುತ್ತದೆ. ದೇಶವೆಂಬುದು ದೂರದ ಒಂದು ಭಾವನೆಯಲ್ಲ, ಈ ಬೀದಿಯ ಈ ಮರದ ಈ ಚೈತ್ರ ಎಂಬ ತಿಳಿವು ಅಲ್ಲಿದೆ. ಮರಗಳು ಪರದೇಶದವೇ ಇರಬಹುದು. ನೋಡುವ ಪ್ರೀತಿ ಇಲ್ಲಿಯದು.

ಅವರು ಬರೆದ ಕಾಲದ ಬೆಂಗಳೂರು ಏನಾಯಿತು? ನಗರದ ಪೂರ್ವ ಮತ್ತು ದಂಡು ಭಾಗಗಳ ಕೆರೆಗಳ ಲೆಕ್ಕ ಹಿಡಿದರೆ ಸಾಕು. ಪೇಟೆಗೂ ದಂಡಿಗೂ ನಡುವೆ ಇದ್ದ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ವಿಧಿಗಳಿಗಾಗಿ ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಶೂಲೆ ಕೆರೆ ಫುಟ್‌ಬಾಲ್ ಮೈದಾನವಾಯಿತು. ಮಿಲ್ಲರ್ ಕೆರೆಗಳ ನೆಲದಲ್ಲಿ ಸಭಾಭವನಗಳೆದ್ದವು. ದೊಮ್ಮಲೂರಿನ ಕೆರೆ ಬಡಾವಣೆಯಾಯಿತು, ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. 1896ರಲ್ಲಿ ಹೆಸರಘಟ್ಟದಿಂದ, 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಊರಿನ ಕೆರೆ ಕುಡಿಯುವ ನೀರಾಗಿ ಬೇಡವಾಯಿತು. ಬೇಡವಾದ ಕೆರೆಗೆ ಎರಡೇ ದಾರಿ: ಒಂದೋ ನಿವೇಶನ, ಇಲ್ಲವೇ 'ದೃಶ್ಯ'. ಹಲಸೂರು ಕೆರೆ ದೃಶ್ಯವಾಗಿ ಉಳಿಯಿತು. ದೋಣಿವಿಹಾರ, ನಡಿಗೆಯ ದಾರಿ, ಬೇಲಿ ಎಲ್ಲವೂ ಬಂದವು. 2016ರ ಮಾರ್ಚಿನಲ್ಲಿ ಅದೇ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಅದರ ನೀರು ಹರಿದು ಸೇರುವ ಬೆಳ್ಳಂದೂರು ಕೆರೆ 2015, 2017 ಮತ್ತು 2018ರಲ್ಲಿ ಹೊತ್ತಿ ಉರಿಯಿತು. ದಡದಿಂದ ನೋಡಲು ಚೆನ್ನಾಗಿರುವ ನೀರು ಬದುಕಿರುವ ನೀರಲ್ಲ ಎಂಬುದು ಇಲ್ಲಿಯ ಪಾಠ. ನೋಟಕ್ಕಾಗಿ ಮಾತ್ರ ಉಳಿಸಿಕೊಂಡದ್ದು ನೋಟಕ್ಕೂ ಉಳಿಯುವುದಿಲ್ಲ.

ಮರಗಳ ಕಥೆಯೂ ಹೀಗೆಯೇ. ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರುಗಳ ಮೂಲಕ ಮಹಾತ್ಮ ಗಾಂಧಿ ರಸ್ತೆಗೆ ಮೆಟ್ರೊ ಮಾರ್ಗ ನಿರ್ಮಾಣವಾಗುವಾಗ ದಂಡಿನ ಕಾಲದ ನಡಿಗೆಯ ಸಾಲುಮರಗಳು ಉರುಳಿದವು. 'ಹಸಿರು ಉಸಿರು' ಬಳಗದವರೂ ವಿದ್ಯಾರ್ಥಿಗಳೂ ನಾಗರಿಕರೂ ಆ ವರ್ಷಗಳಲ್ಲಿ ನಗರದ ಮರಗಳಿಗಾಗಿ ಬೀದಿಗಿಳಿದದ್ದು ನೆನಪಿನಲ್ಲಿದೆ. 2011ರ ಅಕ್ಟೋಬರ್ 20ರಂದು ರೈಲು ಓಡಿತು. 2013ರಲ್ಲಿ ಅದೇ ಜಾಗದಲ್ಲಿ 'ರಂಗೋಲಿ' ಎಂಬ ಮೆಟ್ರೊ ಕಲಾಕೇಂದ್ರ ತೆರೆಯಿತು. ಜನಸಾರಿಗೆ ಬೇಡವೆಂದು ಹೇಳುವ ಮೂರ್ಖತನ ಯಾರಿಗೂ ಇರಬಾರದು. ಕಾರುಗಳಿಗಿಂತ ರೈಲು ಎಷ್ಟೋ ಮೇಲು. ಮಕ್ಕಳಿಗೆ ಚಿತ್ರ ಕಲಿಸುವ ಕೇಂದ್ರವೂ ಒಳ್ಳೆಯದೇ. ಆದರೆ ಮರವಿದ್ದಲ್ಲಿ ಮರದ ಚಿತ್ರ ಬಂದರೆ ಲೆಕ್ಕ ಸರಿಹೋಯಿತೆಂದು ಭಾವಿಸುವ ಮನಸ್ಸಿನ ಬಗ್ಗೆ ಎಚ್ಚರ ಬೇಕು. 2016ರಲ್ಲಿ 800ಕ್ಕೂ ಹೆಚ್ಚು ಮರಗಳನ್ನು ಆಹುತಿ ಕೇಳಿದ ಉಕ್ಕಿನ ಸೇತುವೆಯನ್ನು ಜನ ಬೇಡವೆಂದಾಗ, ಮರುವರ್ಷ ಸರ್ಕಾರ ಅದನ್ನು ಕೈಬಿಟ್ಟಿತು. ಮರವನ್ನು ಚಿತ್ರವಾಗಿ ಅಲ್ಲ, ನೆರೆಯವನಾಗಿ ಕಂಡಾಗ ಏನಾಗಬಲ್ಲದೆಂಬುದಕ್ಕೆ ಇದೂ ಅದೇ ನಗರದ ಉದಾಹರಣೆ.

ಈಗ ದೃಷ್ಟಿಯನ್ನು ಘಟ್ಟದ ಕಡೆಗೆ ತಿರುಗಿಸಬಹುದು. ಕನ್ನಡ ನಾಡಿನ ಸ್ವರೂಪವನ್ನು ಕಲ್ಪಿಸಿಕೊಳ್ಳುವಾಗ ಕವಿಗಳೂ ಚಿತ್ರಕಾರರೂ ಹೆಚ್ಚು ಮೊರೆಹೋಗಿರುವುದು ಸಹ್ಯಾದ್ರಿಗೆ. 2004ರಲ್ಲಿ ನಾಡಗೀತೆಯಾಗಿ ಅಂಗೀಕೃತವಾದದ್ದು ಮಲೆನಾಡಿನ ಕವಿ ಕುವೆಂಪು ಅವರ ಕವಿತೆ. ಸರ್ಕಾರಿ ಕಚೇರಿಗಳ ಗೋಡೆಗಳಲ್ಲಿ ಜೋಗ, ಬ್ಯಾಂಕುಗಳ ಕ್ಯಾಲೆಂಡರಿನಲ್ಲಿ ಆಗುಂಬೆಯ ಸೂರ್ಯಾಸ್ತ, ಜಾಹೀರಾತುಗಳಲ್ಲಿ 'ಭಾರತದ ಸ್ಕಾಟ್ಲೆಂಡ್' ಎಂಬ ಬಿರುದು ಹೊತ್ತ ಕೊಡಗು. ಮಲೆನಾಡು ಕರ್ನಾಟಕದ ಮುಖಚಿತ್ರವಾಗಿದೆ. ಮುಖಚಿತ್ರವಾದವರಿಗೆ ಸಿಕ್ಕಿದ್ದೇನು? ಲಿಂಗನಮಕ್ಕಿಯಲ್ಲಿ ಮುಳುಗಿದವರ ಕುಟುಂಬಗಳು ಅರವತ್ತು ವರ್ಷ ಕಳೆದರೂ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ವರ್ಷದ ಬಹುಕಾಲ ಜೋಗದ 253 ಮೀಟರ್ ಬಂಡೆಯ ಮೇಲೆ ಬೀಳುವ ನೀರೆಷ್ಟೆಂಬುದನ್ನು ಅಣೆಕಟ್ಟು ನಿರ್ಧರಿಸುತ್ತದೆ. ಚಿತ್ರದಲ್ಲಿ ಮಾತ್ರ ನಾಲ್ಕೂ ಧಾರೆಗಳು ತುಂಬಿ ಸುರಿಯುತ್ತಿರುತ್ತವೆ. 2019ರಲ್ಲಿ ಅದೇ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಶಿವಮೊಗ್ಗ ಜಿಲ್ಲೆ ಜುಲೈ 10ರಂದು ಬಂದ್ ಆಚರಿಸಿ ಉತ್ತರ ಕೊಡಬೇಕಾಯಿತು. ತನ್ನ ಕೆರೆಗಳನ್ನು ಮೈದಾನ ಮಾಡಿಕೊಂಡ ನಗರ, ಗೋಡೆಯ ಮೇಲೆ ಜೋಗವನ್ನು ತೂಗುಹಾಕಿಕೊಂಡು, ಜೋಗದ ನೀರನ್ನು ಕೇಳಿತು.

ಈ ದೃಷ್ಟಿ ಮಲೆನಾಡಿನ ಮಕ್ಕಳ ಕೈಗೂ ಇಳಿದಿದೆ. ಶಾಲೆಯಲ್ಲಿ 'ನಿಸರ್ಗದೃಶ್ಯ ಬರೆಯಿರಿ' ಎಂದರೆ ತೀರ್ಥಹಳ್ಳಿಯ ಮಗುವೂ ಯಲ್ಲಾಪುರದ ಮಗುವೂ ಎರಡು ಚೂಪು ತ್ರಿಕೋನಗಳನ್ನು ಬರೆದು, ನಡುವೆ ಅರ್ಧ ಸೂರ್ಯನನ್ನಿಟ್ಟು, ಅಲ್ಲಿಂದ ಒಂದು ನದಿಯನ್ನು ಇಳಿಸಿ, ಪಕ್ಕದಲ್ಲಿ ಗುಡಿಸಲು ಮತ್ತು ತೆಂಗಿನ ಮರವನ್ನು ನಿಲ್ಲಿಸುತ್ತದೆ. ಸಹ್ಯಾದ್ರಿಯ ಗುಡ್ಡಗಳು ಚೂಪಲ್ಲ, ದುಂಡಗೆ ಒಂದರ ಬೆನ್ನಿಗೆ ಒಂದು ಮಲಗಿವೆ. ಆಷಾಢ ಶ್ರಾವಣಗಳಲ್ಲಿ ಸೂರ್ಯ ಕಾಣುವುದೇ ಅಪರೂಪ. ಮಗುವಿನ ಕಿಟಕಿಯಾಚೆ ಇರುವುದು ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಗದ್ದೆಯ ಅಂಚು, ಕಾನು, ಹಳ್ಳದ ಕಟ್ಟು, ಅಬ್ಬಿಯ ದಬ್ಬೆ. ಇವುಗಳಲ್ಲಿ ಒಂದೂ ಅದರ ಚಿತ್ರದಲ್ಲಿಲ್ಲ. ತನ್ನ ನೆಲವನ್ನು ನೋಡದೆಯೇ 'ದೇಶದ ದೃಶ್ಯ'ವನ್ನು ಬರೆಯಲು ಕಲಿತ ಮಗು, ನಾಳೆ ತನ್ನ ನೆಲದ ಬಗ್ಗೆ ಇತರರು ಬರೆದ ವರದಿಯನ್ನು ಪ್ರಶ್ನಿಸದೆಯೇ ಸಹಿ ಹಾಕಬಹುದು.

ಬೇರೆಯ ದಾರಿ ಇಲ್ಲವೆಂದಲ್ಲ. ಅದು ಮಲೆನಾಡಿನ ಗೋಡೆಗಳ ಮೇಲೆಯೇ ಇದೆ. ಸಾಗರ, ಸೊರಬ, ಸಿದ್ದಾಪುರ ಸೀಮೆಗಳ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದಲ್ಲಿ ಬಿಳಿ ಬಣ್ಣ ಅಕ್ಕಿಹಿಟ್ಟಿನದು, ಕೆಂಪು ಕೆಮ್ಮಣ್ಣಿನದು, ಕಪ್ಪು ಸುಟ್ಟ ಅಕ್ಕಿಯದು, ಹಳದಿ ಗುರಿಗೆ ಕಾಯಿಯದು. ಕುಂಚ ಪುಂಡಿ ನಾರಿನದು. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆದು, ಅದರಲ್ಲಿ ಎಡೆಯನ್ನು ಹೊತ್ತು ತುಂಬಿದ ಬಸುರಿಯಂತಿರುವ ಗದ್ದೆಗೆ ಒಯ್ಯುತ್ತಾರೆ. ಅಲ್ಲಿ ನೆಲವನ್ನು ದೂರ ನಿಂತು ನೋಡುವವರಿಲ್ಲ. ನೆಲವೇ ಬಣ್ಣವಾಗಿದೆ, ಬೆಳೆಯೇ ರೇಖೆಯಾಗಿದೆ. ಕಾನು ಬರಿದಾದರೆ, ಗದ್ದೆ ನಿಂತರೆ ಈ ಚಿತ್ರದ ಬಣ್ಣವೇ ಇಲ್ಲ. ಕಲಾಚರಿತ್ರೆ ಇದನ್ನು 'ಜಾನಪದ'ವೆಂದು ಕರಕುಶಲದ ಕೋಣೆಗೆ ಕಳುಹಿಸಿ, ಚೌಕಟ್ಟಿನೊಳಗಿನ ಬೆಟ್ಟವನ್ನು 'ಕಲೆ'ಯೆಂದು ನಡುಮನೆಯಲ್ಲಿ ಇರಿಸಿತು. ಆ ವಿಂಗಡಣೆಯನ್ನು ಮಲೆನಾಡಿಗರು ಒಪ್ಪಬೇಕಾದ ಕಾರಣವಿಲ್ಲ. 1983ರಲ್ಲಿ ಸಲ್ಕಣಿಯ ಜನ ಕಾಡಿಗೆ ಹೋಗಿ ಮರವನ್ನು ಅಪ್ಪಿಕೊಂಡಾಗ ಅವರು ರಕ್ಷಿಸಿದ್ದು ಒಂದು ದೃಶ್ಯವನ್ನಲ್ಲ, ಸೊಪ್ಪು, ನೀರು, ಜೇನು, ದೇವರುಗಳಿದ್ದ ಒಂದು ಸಂಸಾರವನ್ನು.

ಹಾಗಾದರೆ ಹಳ್ಳಿಗಳೂ ವಿದ್ಯಾರ್ಥಿಗಳೂ ಮಾಡಬಹುದಾದದ್ದೇನು? ಮೊದಲನೆಯದು, ಬರೆಯುವುದು. ಪ್ರತಿಯೊಂದು ಊರಿನ ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ತಮ್ಮ ಊರಿನ ಕಾನು, ಬೆಟ್ಟ, ಕೆರೆ, ಹಳ್ಳ, ದೇವರಬನಗಳನ್ನು ಹೆಸರು ಸಹಿತ, ಅಲ್ಲಿ ಕೆಲಸ ಮಾಡುವ ಜನರ ಸಹಿತ ಒಂದೇ ಜಾಗದಲ್ಲಿ ನಿಂತು ಚಿತ್ರಿಸಲಿ. ಹತ್ತು ವರ್ಷಗಳ ಹತ್ತು ಚಿತ್ರಗಳು ಯಾವ ವರದಿಗೂ ಕಡಿಮೆಯಿಲ್ಲದ ಸಾಕ್ಷ್ಯವಾಗುತ್ತವೆ. ಎರಡನೆಯದು, ದಾಖಲಿಸುವುದು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಯಲ್ಲಿ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಹಲವೆಡೆ ಅದು ನಕಲು ಮಾಡಿದ ಪಟ್ಟಿಯಾಗಿ ಕಪಾಟಿನಲ್ಲಿದೆ. ಆ ಚಿತ್ರಗಳೂ ನಕ್ಷೆಗಳೂ ಹಿರಿಯರ ನೆನಪುಗಳೂ ಅದರೊಳಗೆ ಸೇರಲಿ. ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಹಿರಿಯರ ಲಿಖಿತ ಹೇಳಿಕೆ, ದೇವರಬನ, ಕೊಳ, ಸ್ಮಶಾನಗಳನ್ನು ಹಕ್ಕಿನ ಸಾಕ್ಷ್ಯವಾಗಿ ಒಪ್ಪುತ್ತವೆ ಎಂಬುದನ್ನು ಮರೆಯಬಾರದು. ಮೂರನೆಯದು, ಪ್ರಶ್ನಿಸುವುದು. ಬೆಂಗಳೂರಿಗೆ ಓದಲು ಹೋದ ವಿದ್ಯಾರ್ಥಿಗಳು ಕಸ್ತೂರಬಾ ರಸ್ತೆಯ ಮತ್ತು ಅರಮನೆ ರಸ್ತೆಯ ಚಿತ್ರಶಾಲೆಗಳಿಗೆ ತಪ್ಪದೆ ಹೋಗಲಿ. ವೆಂಕಟಪ್ಪನವರ ಮಂಜನ್ನು ಮನಸಾರೆ ನೋಡಲಿ. ನೋಡಿದ ಮೇಲೆ, ಈ ಬೆಟ್ಟದಲ್ಲಿ ಆಗ ಯಾರಿದ್ದರು, ಈಗ ಯಾರಿದ್ದಾರೆ, ಚಿತ್ರದ ಕೆಳಗಿನ ಫಲಕ ಅದನ್ನು ಏಕೆ ಹೇಳುವುದಿಲ್ಲ ಎಂದು ಕೇಳಲಿ.

ಪಶ್ಚಿಮಘಟ್ಟಗಳ ತಾಣಗಳು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ರಾಷ್ಟ್ರದ್ದಾಯಿತು, ವಿಶ್ವದ್ದಾಯಿತು, ಅಲ್ಲಿ ಬಾಳುವವರದ್ದೂ ಆಗುವುದು ಬಾಕಿಯಿದೆ. ಒಂದು ನಾಡನ್ನು ಪ್ರೀತಿಸುವುದೆಂದರೆ ಅದರ ಚಿತ್ರವನ್ನು ಪ್ರೀತಿಸುವುದಷ್ಟೇ ಅಲ್ಲ. ಚಿತ್ರದ ಚೌಕಟ್ಟನ್ನು ಅಗಲಗೊಳಿಸಿ, ಸೊಪ್ಪಿನ ಹೊರೆ ಹೊತ್ತವಳೂ ಹಳ್ಳಕ್ಕೆ ಕಟ್ಟು ಹಾಕಿದವನೂ ಶಿವಾಜಿನಗರದ ಓಣಿಯಲ್ಲಿ ತರಕಾರಿ ಮಾರುವವನೂ ಅದರೊಳಗೆ ನಿಲ್ಲುವಂತೆ ಮಾಡುವವರೆಗೆ 'ರಾಷ್ಟ್ರೀಯ' ಎಂಬ ಮಾತು ಅರ್ಧವೇ. ಆ ಕೆಲಸವನ್ನು ರಾಜಧಾನಿಯ ಚಿತ್ರಶಾಲೆಗಳು ಆರಂಭಿಸಲೆಂದು ಕಾಯುವ ಬದಲು ಬೆಟ್ಟದ ಶಾಲೆಗಳು ಈ ಮಳೆಗಾಲದಲ್ಲೇ ಆರಂಭಿಸಬಹುದು. ಬೇಕಾದದ್ದು ಕಾಗದ, ಕೆಮ್ಮಣ್ಣು ಮತ್ತು ಕಿಟಕಿಯಾಚೆ ನೋಡುವ ಕಣ್ಣು.